ಮರಳು ಕಂಡರೆ ಸುಮ್ಮನಿರದ ಕೈ

ಗಾರೆ ಮೇಸ್ತ್ರಿಗೆ ಸುಮ್ಮನೆ ಕೂರುವುದೆಂದರೆ ಶಿಕ್ಷೆ. ಊಟವನ್ನೂ ಅರ್ಧ ನಿಂತುಕೊಂಡೇ ಮುಗಿಸುವ ಆಸಾಮಿ. ನೆಂಟರ ಮನೆಗೆ ಹೋದರೆ ಕ್ಷೇಮಸಮಾಚಾರಕ್ಕೂ ಮೊದಲು ಗೋಡೆ ತಟ್ಟಿ, ಗಾರೆ ಎಲ್ಲಿ ಪೊಳ್ಳಾಗಿದೆಯೆಂದು ಕಿವಿಗೊಡುತ್ತಿದ್ದ. ಅವನ ಮದುವೆ ಫೋಟೋದಲ್ಲಿ ಹೆಂಡತಿ ಕ್ಯಾಮೆರಾ ನೋಡುತ್ತಿದ್ದಾಳೆ, ಇವನು ಚಾವಣಿ ನೋಡುತ್ತಿದ್ದಾನೆ.

ಚಾವಣಿಗೆ ಗಾರೆ ಮೆತ್ತುವುದರಲ್ಲಿ ಅವನನ್ನು ಬಿಟ್ಟರಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಅದನ್ನು ಕೇಳಿ ಕೇಳಿ ಅವನೂ ಒಂದಿಷ್ಟು ಉಬ್ಬಿಕೊಂಡೇ ಇದ್ದ. ಎಲ್ಲ ಕೆಲಸದಲ್ಲೂ ಹೆಂಡತಿ ಜೊತೆಗಿರುತ್ತಿದ್ದಳು. ಕೆಳಗೆ ನಿಂತು ಜರಡಿ ಹಿಡಿದು ಮರಳು ಸಾಣಿಸುವುದು, ಗಾರೆ ಕಲಸಿ ಎತ್ತಿ ಕೊಡುವುದು ಅವಳ ಪಾಲು. ಅವನು ಚಹಾಕ್ಕೆ ಇಳಿದಾಗ ತಾನೇ ಮೇಲೆ ಹತ್ತಿ ಒಂದು ಮೂಲೆ ಮೆತ್ತಿ ನೋಡುವ ಚಟವೂ ಅವಳಿಗಿತ್ತು. ಮೂಲೆ ಎಷ್ಟು ಚೆನ್ನಾಗಿ ಬಂದರೂ ಅವನು "ಪರವಾಗಿಲ್ಲ" ಎಂದಷ್ಟೇ ಹೇಳಿ ಗಾರೆ ಮೆತ್ತುವ ಕರಣೆ ವಾಪಸು ಕಿತ್ತುಕೊಳ್ಳುತ್ತಿದ್ದ.

ಹಿಂದಿನ ಕೆಲಸ ಮುಗಿದ ಮೇಲೆ ಅವನ ಬಲಗೈ ನಡುಗತೊಡಗಿತು. ಇದು ವಾಸಿಯಾಗುವಂಥದ್ದಲ್ಲ ಎಂದರು ಡಾಕ್ಟರು. ಹೆಂಡತಿಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಸಾಲದ್ದಕ್ಕೆ ಸೋಮವಾರದಿಂದ ದೊಡ್ಡದೊಂದು ಸಭಾಂಗಣದ ಚಾವಣಿ ಮಾಡಿಕೊಡುತ್ತೇನೆಂದು ಒಪ್ಪಿಕೊಂಡುಬಿಟ್ಟಿದ್ದ. ಬಾಯಿಬಿಟ್ಟರೆ ಕೆಲಸ ಹೋಗುತ್ತದೆ, ಬಿಡದಿದ್ದರೆ ಮಾನ ಹೋಗುತ್ತದೆ ಎಂದು ಒಳಗೊಳಗೇ ಬೇಯುತ್ತಿದ್ದ.

ಭಾನುವಾರ ಹೆಂಡತಿ ಅವನನ್ನು ಸಮುದ್ರದಂಚಿನ ಮರಳುದಿಬ್ಬಗಳ ರಕ್ಷಿತ ಪ್ರದೇಶಕ್ಕೆ ಎಳೆದುಕೊಂಡು ಹೋದಳು. "ನಾಳೆಯಿಂದ ನಿಮ್ಮ ಮುಖ ನೋಡೋಕೂ ನಾನು ಕತ್ತು ಎತ್ತಬೇಕು. ಇವತ್ತೊಂದಿನ ಆರಾಮಾಗಿ ಕೂತ್ಕೊಳ್ಳಿ" ಎಂದಳು. ಅಲ್ಲೇ ಹೇಳಿಬಿಡೋಣ ಎಂದು ಅವನೂ ಹೊರಟ.

ಆದರೆ ಹೇಳಬೇಕಲ್ಲ. ದಿಬ್ಬಗಳ ನಡುವಿನ ಹಲಗೆ ದಾರಿಯಲ್ಲಿ ದಾಪುಗಾಲು ಹಾಕಿ ಮುಂದೆ ಹೋದ, ಹಿಂದೆ ಬಂದ. ಬೆಂಚಿನ ಮೇಲೆ ಕೂತ, ಎದ್ದ. ಬಲಗೈ ಮಾತ್ರ ಜೇಬು ಬಿಟ್ಟು ಹೊರಬರಲಿಲ್ಲ.

"ಅಣ್ಣಾ, ಹಲಗೆ ಬಿಟ್ಟು ಇಳೀಬೇಡಿ" ಎಂದ ಕಾವಲುಗಾರ. "ಆ ಹುಲ್ಲಿನ ಬೇರೇ ದಿಬ್ಬಾನ ಹಿಡ್ಕೊಂಡಿರೋದು. ಆದ್ರೂ ಗಾಳಿಗೆ ಒಂದಿಷ್ಟು ಸರೀತಾನೇ ಇರುತ್ತೆ."

"ಇಲ್ಲೂ ಯಾವ್ದೂ ನಿಲ್ಲಲ್ವಾ?" ಎಂದು ಮೇಸ್ತ್ರಿ ಸಿಡುಕಿದ. ಕಾವಲುಗಾರ ಪಾಪ, ತಾನೇನು ತಪ್ಪು ಹೇಳಿದೆನೆಂದು ತಿಳಿಯದೆ ಆಚೆ ಹೋದ.

ಹಲಗೆಗಳ ಮೇಲೆ ಗಾಳಿ ತಂದು ಸುರಿದ ಮರಳು ಬಿದ್ದಿತ್ತು. ಮರಳು ಕಂಡರೆ ಹಿಡಿ ಎತ್ತಿ ಅಂಗೈಯಲ್ಲಿ ಉಜ್ಜಿ, ಮಣ್ಣು ಅಂಟುತ್ತದೆಯೇ ಎಂದು ನೋಡುವುದು ಅವನ ಹಳೆಯ ರೂಢಿ. ಯೋಚನೆಯಲ್ಲೇ ಬಗ್ಗಿ ಎತ್ತಿದ, ಹೆಬ್ಬೆರಳಿನಿಂದ ಉಜ್ಜಿದ.

"ಉಪ್ಪು ಮರಳು. ಗೋಡೆಗೆ ಆಗಲ್ಲ" ಎಂದ, ಯಾರೋ ಲಾರಿ ತಂದು ನಿಲ್ಲಿಸಿದ್ದಾರೆ ಎಂಬಂತೆ.

ಹೆಂಡತಿ ಮರಳು ನೋಡುತ್ತಿರಲಿಲ್ಲ. "ರೀ, ನೀವು ಎಡಗೈಲಿ ಮರಳು ನೋಡಿದ್ದು ನಾನು ಯಾವತ್ತೂ ಕಂಡಿಲ್ಲ."

"ಏನೋ, ಹಾಗೇ..."

"ಆ ಕೈ ಜೇಬಿಂದ ತೆಗೀರಿ."

ತೆಗೆದ. ಕೈ ನಡುಗುತ್ತಿತ್ತು. ಕಳ್ಳತನದಲ್ಲಿ ಸಿಕ್ಕಿಬಿದ್ದವನಷ್ಟು ನಾಚಿಕೆಯಾಯಿತು ಅವನಿಗೆ. "ವಾಸಿಯಾಗಲ್ವಂತೆ. ನಾಳೆ ನಾನು ಕರಣೆ ಹಿಡಿಯೋಕಾಗಲ್ಲ ಕಣೇ" ಎಂದ.

ಅವಳು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ, "ನಾಳೆ ಮೇಲೆ ನಾನು ಹತ್ತೀನಿ. ಮೂಲೆಯಿಂದ ಶುರು ಮಾಡ್ತೀನಿ" ಎಂದಳು.

"ನೀನಾ? ಮತ್ತೆ ನಾನೇನು ಮಾಡ್ಲಿ?"

"ಕೆಳಗೆ ನಿಂತು ಜರಡಿ ಹಿಡೀರಿ. ಅದಕ್ಕೆ ಅಲ್ಲಾಡೋ ಕೈನೇ ಬೇಕು."

ಅವನಿಗೆ ರೇಗಿತು, ಮೈಯೆಲ್ಲ ಉರಿಯಿತು. ಏನೋ ಬೈಯಬೇಕೆಂದು ಬಾಯಿ ತೆರೆದವನು ನಕ್ಕುಬಿಟ್ಟ. ನಗುತ್ತಲೇ ಬೆಂಚಿನ ಮೇಲೆ ಕೂತ; ಈ ಸಲ ಏಳಲಿಲ್ಲ. ಕಣ್ಣೊರೆಸಿಕೊಂಡು, ಅವಳ ಕಡೆ ನೋಡದೆ ಹೇಳಿದ:

"ನಿನ್ನ ಮೂಲೆಗಳು ಯಾವತ್ತೂ ನನ್ನವಕ್ಕಿಂತ ಚೆನ್ನಾಗಿದ್ವು."

"ನಂಗೆ ಗೊತ್ತು" ಎಂದಳು ಹೆಂಡತಿ.