ಅರಿಷಿಣ ಹಚ್ಚಿದ ಕಾರ್ಡುಗಳು

ಮೊದಲು ಮೆತ್ತಗೆ ಒಂದು ‘ಧಪ್’, ಅದರ ಬೆನ್ನಿಗೇ ಗಟ್ಟಿಯಾಗಿ ಒಂದು ‘ಠಕ್’. ಧಪ್ ಅಂದರೆ ಮೊಹರು ಶಾಯಿಯ ಪ್ಯಾಡಿನ ಮೇಲೆ ಬಿತ್ತು, ಠಕ್ ಅಂದರೆ ಯಾರದೋ ಕಾಗದದ ಮೇಲೆ. ಸವದತ್ತಿಯ ಹತ್ತು ಗಂಟೆಯ ಬಸ್ಸು ಟಪಾಲಿನ ಚೀಲ ಇಳಿಸಿ ಹೋದ ಸ್ವಲ್ಪ ಹೊತ್ತಿಗೆ ಆ ಸಪ್ಪಳ ಶುರುವಾಗುತ್ತಿತ್ತು. ನಮ್ಮ ಮನೆಯಿಂದ ಮೂರು ಮನೆ ಆಚೆ, ಪೋಸ್ಟ್ ಮಾಸ್ತರರ ಪಡಸಾಲೆಯೇ ಊರಿನ ಪೋಸ್ಟ್ ಆಫೀಸು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಾ ಠಕ್‌ಗಳನ್ನು ಎಣಿಸುತ್ತಿದ್ದೆ. ಹತ್ತು ದಾಟಿದರೆ ನನ್ನದೂ ಒಂದು ಇದ್ದೀತು ಎಂದು ಆಸೆ. ಎಷ್ಟೋ ರೊಟ್ಟಿ ಆ ಎಣಿಕೆಯಲ್ಲಿ ಸೀದು ಹೋದವು.

ಆಗ ನಾನು ಹೊಸ ಸೊಸೆ. ತವರು ಕಿತ್ತೂರು, ಓದಿದ್ದು ಬೆಳಗಾವಿಯ ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದು. ಬಂದದ್ದು ಸವದತ್ತಿ ದಾಟಿ ರಾಮದುರ್ಗದ ರಸ್ತೆಯಿಂದ ಒಳಗೆ ಹೊರಳಿದರೆ ಸಿಗುವ ಈ ಎರೆಮಣ್ಣಿನ ಊರಿಗೆ. ಕಾನ್ವೆಂಟಿನ ಸಿಸ್ಟರ್ ಒಬ್ಬರು ನಮಗೆ ಲೆಟರ್ ರೈಟಿಂಗ್ ಕಲಿಸಿದ್ದರು: ಬಲಗಡೆ ಅಡ್ರೆಸ್ಸು, ಅದರ ಕೆಳಗೆ ಡೇಟು, ಮೊದಲ ಸಾಲಿನಲ್ಲಿ ಎದುರಿನವರ ಹೆಲ್ತ್ ವಿಚಾರಿಸಬೇಕು, ನಮ್ಮ ಕಂಪ್ಲೇಂಟುಗಳೆಲ್ಲ ಆಮೇಲೆ. ಆ ಮ್ಯಾನರ್ಸನ್ನೆಲ್ಲ ನಾನು ಈ ಊರಿನಲ್ಲಿ ಖರ್ಚು ಮಾಡಿದ್ದು ಪೋಸ್ಟ್ ಕಾರ್ಡಿನ ಮೇಲೆ. ಮುಂದೆ ಊರ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ‘ಬಾಯಾರ’ ಅನಿಸಿಕೊಂಡೆ. ಆಗಲೂ ಕಾರ್ಡು ಬಿಡಲಿಲ್ಲ.

ಮಾಸ್ತರರು ನನಗಿಂತ ಒಂದೆರಡು ವರ್ಷ ಚಿಕ್ಕವರು. ಅವರ ತಂದೆ ಸವದತ್ತಿ ಪೇಟೆಯಲ್ಲಿ ಗಾದಿ ಹೊಲಿಯುತ್ತಿದ್ದ ಸಾಬರು. ಅಪ್ಪನ ದಬ್ಬಣ ಮಗನಿಗೆ ಬಂದಿತ್ತು. ಟಪಾಲಿನ ಚೀಲ ಹರಿದರೆ ಹೊಸದಕ್ಕೆ ಅರ್ಜಿ ಬರೆದು, ಅದು ಬರುವುದಿಲ್ಲವೆಂದು ಗೊತ್ತಿದ್ದೇ ಬರೆದು, ಬಾಗಿಲಲ್ಲಿ ಕೂತು ತಾವೇ ಹೊಲಿಯುತ್ತಿದ್ದರು. ಹೆಸರಿಗೆ ದಿನಕ್ಕೆ ನಾಲ್ಕೈದು ತಾಸಿನ ಕೆಲಸ. ಪಗಾರವೂ ಅಷ್ಟಕ್ಕೇ. ಖೋಲಿ ಅವರದೇ, ಕುರ್ಚಿ ಅವರದೇ, ಸಂಜೆಯ ದೀಪವೂ ಅವರದೇ.

ಅವರದೊಂದು ಪದ್ಧತಿ ಇತ್ತು. ನಮ್ಮ ಕಡೆ ಲಗ್ನದ ಕಾಗದಕ್ಕೆ ಮೂಲೆಯಲ್ಲಿ ಅರಿಷಿಣ ಹಚ್ಚುತ್ತಾರೆ. ಸಾವಿನ ಕಾರ್ಡಿಗೆ ಒಂದು ಮೂಲೆ ಹರಿದಿರುತ್ತಾರೆ, ಅದನ್ನು ಮನೆಯೊಳಗೆ ಒಯ್ಯುವುದಿಲ್ಲ. ಓದಲು ಬಾರದವರೇ ಹೆಚ್ಚಿದ್ದ ಊರಿನಲ್ಲಿ ಕಾಗದ ಕೊಡುವವರೂ ಓದುವವರೂ ಮಾಸ್ತರರೇ. ಅರಿಷಿಣದ ಕಾರ್ಡು ತಂದರೆ ಹೊಸ್ತಿಲಲ್ಲಿ ನಿಂತು, “ಮೊದಲ ಚಹಾ ಇಡ್ರಿ, ಆಮ್ಯಾಲ ಓದತೇನಿ” ಎನ್ನುತ್ತಿದ್ದರು. ಮೂಲೆ ಹರಿದದ್ದಿದ್ದರೆ ಅದನ್ನು ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತು, “ಒಂದೀಟ ನೀರ ಕೊಡ್ರಿ” ಎನ್ನುತ್ತಿದ್ದರು. ತಂಬಿಗೆ ತಂದು ಕೊಟ್ಟು, ಅವರು ಕುಡಿದು ಮುಗಿಸುವಷ್ಟರಲ್ಲಿ ಮನೆಯವರಿಗೆ ತಿಳಿದಿರುತ್ತಿತ್ತು. ಯಾರು ಎಂಬುದಷ್ಟೇ ಬಾಕಿ. ಚಿಕ್ಕಂದಿನಲ್ಲಿ ನನ್ನನ್ನು ಬೆಳೆಸಿದ ರಾಮದುರ್ಗದ ಸೋದರತ್ತೆ ಹೋದ ಸುದ್ದಿ ನನಗೆ ಬಂದದ್ದು ಹೀಗೆಯೇ. ನಾನು ಇಂಗ್ಲಿಷು ಓದಿದವಳು, ಕಾರ್ಡು ಕೈಗೆ ಕೊಟ್ಟಿದ್ದರೂ ನಡೆಯುತ್ತಿತ್ತು. ಆದರೂ ಅವರು ಕೂತು ನೀರು ಕೇಳಿದರು. ನಿಧಾನವಾಗಿ ಕುಡಿದರು.

ಫೋನು ಬಂತು, ಮೊಬೈಲು ಬಂತು. ಠಕ್‌ಗಳು ಕಡಿಮೆಯಾಗುತ್ತಾ ಬಂದವು. ಒಂದೊಂದು ದಿನ ಒಂದೂ ಇಲ್ಲ. ಆದರೂ ಎದುರು ಮನೆಯ ಆಯಿಗೆ ಮಾಸ್ತರರಿಲ್ಲದೆ ತಿಂಗಳು ಹುಟ್ಟುತ್ತಿರಲಿಲ್ಲ. ಆಯಿಗೆ ಎಂಬತ್ತು ದಾಟಿತ್ತು, ಮೊಣಕಾಲು ಎರಡೂ ಕೈಕೊಟ್ಟಿದ್ದವು. ಅವಳ ವಿಧವಾ ಪೆನ್ಶನ್ನನ್ನು ಕಟ್ಟೆಗೇ ತಂದು ಕೊಡುತ್ತಿದ್ದರು. ಇಂಥ ಕಟ್ಟೆಗಳು ಊರಿನಲ್ಲಿ ಇನ್ನೂ ಎಷ್ಟೋ ಇದ್ದವು.

ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಮಾಸ್ತರರು ಬರಿಗೈಯಲ್ಲಿ ಬಂದರು. ಆಯಿ ಮತ್ತು ನಾನು ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದೆವು.

“ಬಾಯಾರ, ನಮ್ಮ ಆಫೀಸ ಮುಚ್ಚತಾರಂತ ಕಾಣತೈತ್ರಿ.”

“ಯಾರ ಹೇಳಿದ್ರು?”

“ಮ್ಯಾಲಿನವರು ಮುಚ್ಚತೇವಿ ಅಂತ ಇನ್ನೂ ಅಂದಿಲ್ರಿ, ನೋಡತೇವಿ ಅಂದಾರ. ಖರ್ಚಿನ ಮುಂದ ಉತ್ಪನ್ನ ಏನೂ ಇಲ್ಲಂತ. ಒಂದ ತಿಂಗಳ ಟಪಾಲ ಎಷ್ಟ ಹೋಗತಾವ, ಎಷ್ಟ ಬರತಾವ ಬರದ ಇಡ ಅಂದಾರ. ಇನ್ಸ್‌ಪೆಕ್ಟರ್ ಸಾಹೇಬ್ರು ಬರವರದಾರ. ಕಡಿಮಿ ಬಿತ್ತಂದ್ರ ಸವದತ್ತಿಗೆ ಕೂಡಿಸಿಬಿಡತಾರ.”

“ಅಂದ್ರ ನನ್ನ ಪಗಾರ?” ಎಂದಳು ಆಯಿ. ಪೆನ್ಶನ್ನಿಗೆ ಅವಳು ಪಗಾರ ಎಂದೇ ಅನ್ನುವುದು.

“ಸವದತ್ತಿಗೆ ಹೋಗಿ ತರಬೇಕಾಗತೈತಿ ಆಯಿ.”

“ನಾ ಬಸ್ ಹತ್ತಬೇಕಾದ್ರ ಮೊಣಕಾಲ ಇಲ್ಲೇ ಬಿಟ್ಟ ಹೋಗಬೇಕೋ ಮಾಸ್ತರ. ಬರೂತನಾ ಅವನ್ನ ಕಾಯಾಕ ನೀ ಇರತೀಯೇನು?”

ಮಾಸ್ತರರು ನಗಲಿಲ್ಲ. “ನಂದೇನ ಬಿಡ್ರಿ, ಇನ್ನೆರಡ ವರ್ಷದ ನೌಕರಿ. ಆದ್ರ ನನ್ನ ಕೈಲೆ ಕೀಲಿ ಹಾಕೂದ ಬ್ಯಾಡ್ರಿ ಬಾಯಾರ,” ಎಂದರು. ಅವತ್ತು ನೀರು ಕೇಳಲಿಲ್ಲ. ಇನ್ನೂ ಆಸೆ ಇದೆ ಎಂದು ನಾನು ತಿಳಿದುಕೊಂಡೆ.

ಪ್ಲಾನು ನನ್ನದೇ. ಟಪಾಲು ಕಡಿಮೆ ಅನ್ನುತ್ತಾರೆ, ಹಾಗಾದರೆ ಹೆಚ್ಚು ಮಾಡೋಣ. ಸಿಂಪಲ್! ಮರುದಿನದಿಂದ ನಮ್ಮ ಪಡಸಾಲೆಯಲ್ಲಿ ಮಧ್ಯಾಹ್ನದ ಕ್ಲಾಸು ಶುರು. ಸ್ವಸಹಾಯ ಸಂಘದ ಹೆಂಗಸರು ಐವತ್ತು ಪೈಸೆಯ ಕಾರ್ಡು ಹಿಡಿದು ಬಂದರು. ಬರೆಯಲು ಬರುವವರು ಬರೆದರು, ಬಾರದವರಿಗೆ ನಾನು ಬರೆದೆ. ಬೈಲಹೊಂಗಲದ ಮಗಳಿಗೆ, ಕಿತ್ತೂರಿನ ತಂಗಿಗೆ, ರಾಮದುರ್ಗದ ಬೀಗರಿಗೆ. ಬೆಳಿಗ್ಗೆ ತಾನೇ ಎಲ್ಲರ ಜೊತೆ ಫೋನಿನಲ್ಲಿ ಮಾತಾಡಿ ಮುಗಿದಿರುತ್ತಿತ್ತು.

“ಏನ ಬರೀಲಿ?” ಎಂದು ಕೇಳಿದರೆ ಒಬ್ಬಾಕೆ, “ಮುಂಜಾನೆ ಫೋನಿನ್ಯಾಗ ಹೇಳಿದ್ದ ಖರೇನ ಐತಿ ಅಂತ ಬರೀರಿ” ಎಂದಳು. ಹಾಗೆಯೇ ಬರೆದೆ. ಮೊದಲ ಸಾಲಿನಲ್ಲಿ ಹೆಲ್ತ್ ವಿಚಾರಿಸುವುದನ್ನು ಮಾತ್ರ ಬಿಡಲಿಲ್ಲ.

ಎರಡನೆಯ ದಿನ ಆಯಿ ತಕರಾರು ತೆಗೆದಳು. “ಇಷ್ಟ ಮಂದಿ ಕೂಡಿ ಬರಿ ಕಾರ್ಡ ಕಳಸತೀರಿ. ಒಳ್ಳೆ ಕೆಲಸಕ್ಕ ಬರೀ ಮೂಲಿ ಇರಬಾರದ ನೋಡ್ರಿ.” ಒಳಗಿನಿಂದ ಅರಿಷಿಣದ ಬಟ್ಟಲು ಬಂತು. ಪೋಸ್ಟಿಗೆ ಒಳ್ಳೆಯದಾಗಲಿ ಎಂದು ಒಂದೊಂದು ಕಾರ್ಡಿನ ನಾಲ್ಕೂ ಮೂಲೆಗೆ ಆಯಿಯೇ ಬೆರಳು ಒತ್ತಿದಳು. ಇಂಗ್ಲಿಷು ಓದಿದ ನನಗೆ ಮುಂದಿನದು ಹೊಳೆಯಲೇ ಇಲ್ಲ.

ವಾರದೊಳಗೆ ಊರಿನ ಫೋನುಗಳೆಲ್ಲ ಒಟ್ಟಿಗೇ ರಿಂಗಾಗತೊಡಗಿದವು. “ಯಾರ ಲಗ್ನಾ? ನನಗ ಒಂದ ಮಾತ ಹೇಳದ ಲಗ್ನಾ ಮಾಡಾಕತ್ತೀರೇನು?” ಎಂದು ಹೆಣ್ಣುಮಕ್ಕಳು ಅತ್ತರು, ಬೀಗರು ಸಿಟ್ಟಾದರು. ಅರಿಷಿಣ ಕಂಡವರು ಒಳಗಿನ ಸಾಲು ಓದುವ ತೊಂದರೆ ತೆಗೆದುಕೊಂಡಿರಲಿಲ್ಲ. ಬೈಲಹೊಂಗಲದ ಅಳಿಯನೊಬ್ಬ ಲಗ್ನದ ಉಡುಗೊರೆಯ ಆಯೇರಿ ಮಾಡಲು ಸೀರೆ, ಟಾವೆಲ್ಲು ಹಿಡಿದು ಬಸ್ಸಿಳಿದೇ ಬಿಟ್ಟ. ಅವನಿಗೆ ಹೋಳಿಗೆ ಮಾಡಿ ಉಣ್ಣಿಸಿ ಕಳಿಸಬೇಕಾಯಿತು. ಆದರೆ ಆ ತಿಂಗಳು ನಮ್ಮ ಓಣಿಯಲ್ಲಿ ಮತ್ತೆ ಧಪ್, ಠಕ್. ಎಷ್ಟೋ ವರ್ಷಗಳ ಮೇಲೆ ನಾನು ರೊಟ್ಟಿ ಸೀಯಿಸಿದೆ.

ಇನ್ಸ್‌ಪೆಕ್ಟರು ಮೋಟರ್‌ಸೈಕಲ್ಲಿನಲ್ಲಿ ಬಂದರು. ಮೊಮ್ಮಗನ ವಯಸ್ಸಿನವರು. ಮಾಸ್ತರರ ಪಡಸಾಲೆಯಲ್ಲಿ ಕುಳಿತು ಪುಸ್ತಕ ನೋಡಿದರು, ಅವತ್ತು ಹೊರಡಬೇಕಿದ್ದ ಹಳದಿ ಕಟ್ಟನ್ನು ಎತ್ತಿ ನೋಡಿದರು. ಅವರ ಬೆರಳೂ ಹಳದಿಯಾಯಿತು.

“ಊರಾಗ ಇಷ್ಟ ಲಗ್ನಾ ಅದಾವೇನ್ರಿ?”

ಸುದ್ದಿ ತಿಳಿದು ಬಂದು ಕೂತಿದ್ದ ನಾನು ಎದ್ದು ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆಮೇಲೆ ಮೆಲ್ಲಗೆ ಹೇಳಿದರು: “ಮೇಡಂ, ಬೇಜಾರ ಆಗಬ್ಯಾಡ್ರಿ. ಒಂದ ಕಾರ್ಡ ಮುಟ್ಟಿಸಾಕ ಇಲಾಖೆಗೆ ಬೀಳೂ ಖರ್ಚು ಅದರ ಕಿಮ್ಮತ್ತಿಗಿಂತ ಎಷ್ಟೋ ಪಟ್ಟ ಜಾಸ್ತಿ ಐತ್ರಿ. ನೀವು ಕಾರ್ಡ ಹಾಕಿದಂಗೆಲ್ಲಾ ನಮಗ ಲುಕ್ಸಾನ ಹೆಚ್ಚಾಗಾಕ ಹತ್ತಿತ್ರಿ.”

ಆಫೀಸು ಉಳಿಸಲೆಂದು ಇಡೀ ಊರು ಸೇರಿ ಅದರ ಗುಂಡಿಯನ್ನು ಇನ್ನಷ್ಟು ಆಳ ಮಾಡಿದ್ದೆವು. ನನಗೆ ನಾಚಿಕೆಯಾಯಿತು, ನಾಚಿಕೆಗೆ ಇಂಗ್ಲಿಷು ಬಂತು. “ಬಟ್ ಸರ್, ಇದು ಸರ್ವೀಸ್ ಅಲ್ಲವೇ? ಬೀದಿದೀಪದ ಲಾಭ ಯಾರಾದರೂ ಕೇಳುತ್ತಾರೆಯೇ?” ಎಂದೆ.

“ಸರ್ವೀಸ ಹೌದ್ರಿ ಮೇಡಂ. ದೀಪದ ಬಿಲ್ಲೂ ಯಾರರ ತುಂಬಾಕ ಬೇಕಲ್ರಿ,” ಎಂದರು.

ಅವರು ಹೊರಡಲು ಎದ್ದಾಗ ಮಾಸ್ತರರು ಪೆನ್ಶನ್ನಿನ ಚೀಲ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಅದು ಕೊಡುವ ದಿನ. ಸಾಹೇಬರೂ ಜೊತೆಗೆ ನಡೆದರು. ಮೊದಲ ಕಟ್ಟೆ ಆಯಿಯದು. ಹೆಬ್ಬೆರಳು ಒತ್ತುವ ಯಂತ್ರ ಅವಳ ಬೆರಳನ್ನು ಗುರುತಿಸಲಿಲ್ಲ. ಜೋಳ ಕೊಯ್ದು, ಬೀಸಿ, ಹಗ್ಗ ಹೊಸೆದು ಗೆರೆಗಳೆಲ್ಲ ಸವೆದಿದ್ದವು. ಮಾಸ್ತರರು ಅವಸರ ಮಾಡಲಿಲ್ಲ. ಬೆರಳನ್ನು ಒದ್ದೆ ಬಟ್ಟೆಯಿಂದ ಒರೆಸಿದರು, ತಮ್ಮ ಎರಡು ಅಂಗೈ ನಡುವೆ ಹಿಡಿದು ಬೆಚ್ಚಗೆ ಮಾಡಿದರು, ಮತ್ತೆ ಇಟ್ಟರು. ಇಲ್ಲ. ಇನ್ನೊಂದು ಬೆರಳು. ಇಲ್ಲ.

“ಬೆಳ್ಳ ಕಿತಗೊಂಡ ಹೋಗೋ ಮಾಸ್ತರ, ಆಫೀಸಿನ್ಯಾಗ ಸಾವಕಾಶ ಒತ್ತಕೋ,” ಎಂದಳು ಆಯಿ.

ಐದನೆಯ ಬೆರಳಿಗೆ ಯಂತ್ರ ‘ಟಿಣ್’ ಎಂದಿತು. ಸಾಹೇಬರು ಗಡಿಯಾರ ನೋಡಿಕೊಂಡರು. “ಇವರನ್ನ ಸವದತ್ತಿ ಕೌಂಟರಿನ್ಯಾಗ ಪಾಳಿಗೆ ನಿಂದರಿಸಿದ್ರ?” ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಇನ್ನೂ ಎಷ್ಟು ಮನೆ ಎಂದು ಕೇಳಿದರು. ಮಾಸ್ತರರು ಹೇಳಿದರು. ಸಾಹೇಬರು ಎಲ್ಲ ಮನೆಗೂ ನಡೆದರು. ಹೋಗುವಾಗ ನನ್ನ ಕಡೆ ತಿರುಗಿ, “ಕಂಡದ್ದನ್ನ ಬರೀತೇನ್ರಿ, ಬಸ್ ಎಷ್ಟ ಅದಾವ ಅಂತನೂ ಬರೀತೇನಿ. ಮ್ಯಾಲಿನವರದ ನನಗ ಗೊತ್ತಿಲ್ಲ. ನೀವು ಕಾರ್ಡ ಬಿಟ್ಟು ಉಳಿತಾಯದ ಪಾಸ್‌ಬುಕ್ ತಗಸ್ರಿ. ಅದರಿಂದ ಆಫೀಸಿಗೆ ಖರೇನ ಉತ್ಪನ್ನ ಐತಿ,” ಎಂದರು.

ಮಧ್ಯಾಹ್ನದ ಕ್ಲಾಸು ಮತ್ತೆ ಕೂಡಿತು. ಈ ಸಲ ಫಾರ್ಮು ತುಂಬುವುದು. ಹೆಂಗಸರು ಹೆಣ್ಣುಮಕ್ಕಳ ಹೆಸರಿನಲ್ಲಿ ಪಾಸ್‌ಬುಕ್ ತೆಗೆಸಿದರು. ಅದಕ್ಕೂ ಅರಿಷಿಣ ಹಚ್ಚಬೇಕೆಂದು ಆಯಿ ಹಟ ಹಿಡಿದಳು. ಹೊರಗಿನ ರಟ್ಟಿಗೆ ಮಾತ್ರ ಎಂದು ರಾಜಿಯಾಯಿತು.

ಒಂದು ಸಂಜೆ ಮಾಸ್ತರರನ್ನು ಕೇಳಿದೆ. “ಕಾರ್ಡಿನ ಲುಕ್ಸಾನ ನಿಮಗ ಮೊದಲ ಗೊತ್ತಿತ್ತೇನ್ರಿ?”

“ಗೊತ್ತಿತ್ರಿ ಬಾಯಾರ.”

“ಮತ್ತ ಹೇಳೂದಲ್ಲೇನು?”

ಅವರು ಶಾಯಿ ಪ್ಯಾಡಿನ ಮುಚ್ಚಳ ಹಾಕುತ್ತಿದ್ದರು. “ಅಷ್ಟ ಮಂದಿ ನನ್ನ ಆಫೀಸಿಗೆ ಬಂದ ಭಾಳ ವರ್ಷ ಆಗಿತ್ರಿ. ಬಾಯಿ ಬರಲಿಲ್ಲ.”

ಮಳೆಗಾಲ ಹೋಯಿತು, ಕಡಲೆ ಬಿತ್ತುವ ದಿನ ಬಂತು. ಹತ್ತರ ಬಸ್ಸು ಬಂದುಹೋದ ಒಂದು ಮುಂಜಾನೆ ಮಾಸ್ತರರು ಓಣಿಯಲ್ಲಿ ನಮ್ಮ ಮನೆಯ ಕಡೆಗೇ ಬರುತ್ತಿದ್ದರು. ಕಿಸೆಯಲ್ಲಿ ಉದ್ದನೆಯ ಸರಕಾರಿ ಲಕೋಟೆ. ನಾನೂ ಆಯಿಯೂ ಕಟ್ಟೆಯ ಮೇಲೆ. ಅವರು ಕೂತರು. ಆಯಿ ಮುಂದೆಯೇ ಇದ್ದ ನೀರಿನ ತಂಬಿಗೆಯನ್ನು ಸೆರಗಿನ ಹಿಂದೆ ಸರಿಸಿಟ್ಟಳು.

ಮಾಸ್ತರರು ಅದನ್ನು ನೋಡಿದರು. “ಯಾಕ ಆಯಿ, ಒಲಿ ಮ್ಯಾಲ ಚಹಾ ಇಡವರ ಯಾರೂ ಇಲ್ಲೇನು?” ಎಂದರು.

ಆ ದಿನ ಓಣಿಗೆಲ್ಲ ಚಹಾ ಆಯಿತು.

ಎರಡು ವರ್ಷದ ಮೇಲೆ ಅವರು ನಿವೃತ್ತರಾದರು. ಮೊಹರನ್ನು ಕೈಯಿಂದ ಕೈಗೆ ಪಡೆದವಳು ರಾಮದುರ್ಗದ ಕಡೆಯ ಒಬ್ಬ ಹುಡುಗಿ. ಸ್ಕೂಟಿಯ ಮೇಲೆ ಬರುತ್ತಾಳೆ, ಚುರುಕು. ಆಯಿಯ ಐದನೆಯ ಬೆರಳಿನ ಗುಟ್ಟನ್ನು ಮಾಸ್ತರರು ಅವಳಿಗೆ ಮೊದಲ ದಿನವೇ ಹೇಳಿಕೊಟ್ಟಿದ್ದರು. ಖೋಲಿಯನ್ನು ಆಫೀಸಿಗೇ ಬಿಟ್ಟುಕೊಟ್ಟು, ತಾವು ಬೈಲಹೊಂಗಲದ ಮಗಳ ಮನೆಗೆ ಹೊರಟರು.

ಅವರನ್ನು ಕೊನೆಯ ಸಲ ಕಂಡದ್ದು ಆ ದಿನ, ಊರ ಬಸ್ ಸ್ಟ್ಯಾಂಡಿನಲ್ಲಿ. ಒಂದು ಟ್ರಂಕು, ಒಂದು ಗಾದಿಯ ಸುರುಳಿ. ನಾನು ಹೋದಾಗ ಟ್ರಂಕಿನ ಮೇಲೆ ಕೂತಿದ್ದರು. ಬಿಸಿಲು ಏರಿತ್ತು. ನನ್ನ ಚೀಲದಲ್ಲಿ ನೀರಿನ ಬಾಟಲಿ ಇತ್ತು, ಅದು ಅವರಿಗೆ ಕಾಣುತ್ತಿತ್ತು.

“ಬಾಯಾರ, ಒಂದೀಟ ನೀರ ಕೊಡ್ರಿ.”

“ಕೊಡಾಂಗಿಲ್ಲ ಮಾಸ್ತರ,” ಎಂದೆ. “ಚಹಾ ಕುಡದ ಹೋಗ್ರಿ.”

ಅವರು ನನ್ನ ಮುಖ ನೋಡಿ ತಲೆ ತಗ್ಗಿಸಿ ನಕ್ಕರು. ಅಂಗಡಿಯಾತ ಎರಡು ಕಪ್ಪು-ಬಶಿ ಚಹಾ ತಂದ. ಬಸ್ಸು ಬಂದು ನಿಂತಾಗಲೂ ಅದು ಸುಡುತ್ತಿತ್ತು. ಕಂಡಕ್ಟರ್ ಸೀಟಿ ಊದುತ್ತಿದ್ದ. ಮಾಸ್ತರರು ಬಶಿಗೆ ಸುರುವಿಕೊಂಡು, ಊದಿ ಊದಿ, ಒಂದು ಹನಿ ಬಿಡದೆ ಕುಡಿದು, ಕಪ್ಪನ್ನು ನನ್ನ ಕೈಗೆ ಕೊಟ್ಟು ಬಸ್ಸು ಹತ್ತಿದರು.