ಅವ್ವ ಮಗ್ಗುಲು ಬದಲಿಸಿದ ತತ್ತಿಗಳು

ಹಿಂಜವಾಡಿಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ ಅವ್ವ ಒಂದು ಸಂಜೆ ಮಣ್ಣು ಹೊರುವ ಬುಟ್ಟಿಯಲ್ಲಿ ಏಳು ತತ್ತಿ ತಂದಳು. ಬೆಳ್ಳಗೆ, ಉದ್ದುದ್ದ, ಮುಟ್ಟಿದರೆ ಚರ್ಮದ ಹಾಗೆ ಮೆತ್ತಗೆ.

"ಜೇಸಿಬಿ ಪಾಯಾ ಅಗಿಯೂ ಮುಂದ ಸಿಕ್ಕಾವು. ಕೇರಿ ಹಾವಿನ್ವು. ಮಂದಿ ತುಳೀಲಿಕ್ಕೆ ಬಂದ್ರು. ನನ್ನ ಮಗಳು ಹಾವಿನ ಡಾಕ್ಟರ್ ಅದಾಳ, ಕೊಡ್ರಿ ಅಂದೆ."

ನಾನೇನು ಡಾಕ್ಟರಲ್ಲ. ಪ್ರಾಣಿಶಾಸ್ತ್ರದಲ್ಲಿ ಡಿಗ್ರಿ ಮಾಡಿದ್ದೇನೆ, ನಮ್ಮ ಮನೆತನದಲ್ಲಿ ಅದೇ ಮೊದಲನೆಯದು. ಕಾತ್ರಜದ ಹತ್ತಿರ ಹಾವುಗಳನ್ನು ಉಳಿಸುವ ಕೇಂದ್ರದಲ್ಲಿ ಕೆಲಸ. ಅಲ್ಲಿಯ ಕಾವು ಪೆಟ್ಟಿಗೆ ತುಂಬಿತ್ತು. ಮನೆಯಲ್ಲೇ ಇಟ್ಟು ನೋಡು ಎಂದರು ಕೇಂದ್ರದ ಹಿರಿಯರು.

ಮೀನಿನವನಿಂದ ಥರ್ಮಾಕೋಲ್ ಡಬ್ಬಿ ತಂದೆ. ಒಳಗೆ ನೀರು ತುಂಬಿದ ಬಾಟಲಿಗಳು, ಸಣ್ಣ ಬಲ್ಬು, ಬಿಸಿ ಹೆಚ್ಚಾದರೆ ತಾನೇ ಆರುವ ಸ್ವಿಚ್ಚು. ತೇವದ ತೆಂಗಿನ ನಾರಿನ ಪುಡಿಯಲ್ಲಿ ತತ್ತಿಗಳನ್ನಿಟ್ಟು, ಒಂದೊಂದರ ನೆತ್ತಿಗೂ ಪೆನ್ಸಿಲಿನಿಂದ ಗುರುತು ಹಾಕಿದೆ. ಹಾವಿನ ತತ್ತಿ ಇಟ್ಟ ಹಾಗೇ ಇರಬೇಕು. ಹೊರಳಿದರೆ ಒಳಗಿನ ಜೀವ ಉಳಿಯುವುದು ಕಷ್ಟ. ಅದನ್ನು ಅವ್ವನಿಗೂ ಹೇಳಬೇಕೆಂದು ನನಗೆ ಹೊಳೆಯಲಿಲ್ಲ.

ಹತ್ತನೆಯ ದಿನ ಮುಚ್ಚಳ ತೆಗೆದರೆ ಒಂದು ಗುರುತೂ ಮೇಲಿಲ್ಲ.

"ದಿನಾ ಮಗ್ಗಲಾ ಬದಲಿಸೀನಿ," ಎಂದಳು ಅವ್ವ, ರೊಟ್ಟಿ ಬಡಿಯುತ್ತ. "ಕೋಳಿ ಆದ್ರ ಕಾಲಿಲೆ ಹೊಳ್ಳಿಸ್ತದ. ನಿನ್ನ ಬಲ್ಬಿಗೆ ಕಾಲು ಎಲ್ಲಿ ಅದಾವ?"

"ನಿನಗೇನ್ ತಿಳೀತದ? ಓದಿದಾಕಿ ನಾನೋ ನೀನೋ?"

ಅವಳ ಕೈ ನಿಂತಿತು. "ನೀನೇ ಯವ್ವಾ," ಎಂದು ಮತ್ತೆ ಬಡಿಯತೊಡಗಿದಳು. ನನ್ನನ್ನು ಓದಿಸಿದ್ದೇ ಆ ಕೈ.

ಮುಂದಿನ ವಾರ ಅವಳ ಗ್ಯಾಂಗು ಲೋಣಾವಳಾಕ್ಕೆ ಹೋಯಿತು. ಅಲ್ಲಿಂದ ದಿನಾ ಫೋನು. ಉಂಡ್ಯಾ ಅನ್ನುವ ಮೊದಲೇ "ಒಡದಾವೇನು?" ಎಂದು ಅಳುಕಿನಿಂದ ಕೇಳುವಳು. ಇಲ್ಲಿ ಒಂದೊಂದೇ ತತ್ತಿ ಬೂಷ್ಟು ಹಿಡಿಯುತ್ತಿತ್ತು. ನಾನು "ಇನ್ನೂ ಇಲ್ಲ" ಅನ್ನುತ್ತಿದ್ದೆ.

ಮಳೆ ಹಿಡಿದ ಒಂದು ಮುಂಜಾನೆ, ಉಳಿದಿದ್ದ ಒಂದೇ ಒಂದು ತತ್ತಿ ಸೀಳಿ ಪುಟ್ಟ ಮೂತಿ ಹೊರಬಂತು. ಫೋನು ಮಾಡಿದೆ.

"ಎಷ್ಟು?"

"ಏಳೂ ಒಡದಾವ ಯವ್ವಾ."

ಅವಳು ನಕ್ಕಳು. "ನೋಡು, ನನ್ನ ಕೈಗುಣ." ಜೊತೆಯ ಹೆಂಗಸರಿಗೆ ಕೂಗಿ ಹೇಳಿದ್ದೂ ಕೇಳಿಸಿತು: "ಕೇಳ್ರೇ, ನನ್ನ ಮಗಳು ಏಳು ಹಾವು ಬದುಕಿಸ್ಯಾಳ."

ಅವ್ವ ತೀರಿಹೋಗಿ ಎರಡು ವರ್ಷ. ಆ ಆರು ತತ್ತಿ ಅವಳ ಕೈಯಿಂದ ಕೆಟ್ಟವೋ, ಜೇಸಿಬಿ ಕುಲುಕಿದ್ದರಿಂದಲೋ ನನಗೆ ಇವತ್ತಿಗೂ ಗೊತ್ತಿಲ್ಲ. ತತ್ತಿ ಕೆಟ್ಟರೂ ಅದು ನಿನ್ನ ಕೈಯಿಂದಲೇ ಎನ್ನಲಾಗದು ಎಂದಾದರೂ, ಅವಳು ರೊಟ್ಟಿ ಬಡಿಯುತ್ತಿದ್ದ ಅಂದು, ಒಲೆಯ ಮುಂದೆ ಕೂತು ಹೇಳಬೇಕಿತ್ತು.

ಈಗಲೂ ಪೆಟ್ಟಿಗೆ ಕಟ್ಟುತ್ತೇನೆ, ಗುರುತು ಹಾಕುತ್ತೇನೆ. ಮುಚ್ಚಳ ಹಾಕುವಾಗ ಮಾತ್ರ, ನಾಳೆ ತೆರೆದರೆ ಅವ್ವನ ಕೈ ತಾಕಿ ಒಂದಾದರೂ ಗುರುತು ಕೆಳಗಾಗಿರಲಿ ಎನ್ನಿಸುತ್ತದೆ.