ಪಲೆರ್ಮೊದಲ್ಲಿ ಮಾಸ್ಟರ್

ಹಾಲಿನ ಕ್ಯಾನಿನ ಮುಚ್ಚಳ ತೆಗೆದ ಕೂಡಲೇ ಮಾಸ್ಟರ್ ತಮ್ಮ ಉದ್ದ ಮೂಗನ್ನು ಅದರೊಳಗೆ ಇಳಿಸುತ್ತಿದ್ದರು. ತಲೆ ಎತ್ತಿದಾಗ ಮೂಗಿನ ತುದಿಯಲ್ಲಿ ಒಂದು ಬಿಳಿ ಹನಿ ನಿಂತಿರುತ್ತಿತ್ತು. ಅದನ್ನು ಒರೆಸಿಕೊಳ್ಳುವ ಮೊದಲೇ ತೀರ್ಪು ಬರುತ್ತಿತ್ತು. "ಇದು ಇವತ್ತಿನದ್ದಲ್ಲ ಮೇಡಂ. ಹಿಂದೆ ಕಳಿಸಿ." ಹಾಲು ತಂದವನು ಕ್ಯಾನಿನ ಮೇಲಿನ ಚೀಟಿ ತೋರಿಸಿ ವಾದಿಸುತ್ತಿದ್ದ. ಮಾಸ್ಟರ್ ವಾದಕ್ಕೆ ಇಳಿಯುತ್ತಿರಲಿಲ್ಲ. "ಚೀಟಿಗೆ ಮೂಗುಂಟಾ?" ಎಂದಷ್ಟೇ ಹೇಳಿ ಒಳಗೆ ಹೋಗುತ್ತಿದ್ದರು.

ದೋಹಾದಲ್ಲಿ ನಮ್ಮದು ಇಟಲಿ ಮಾದರಿಯ ಐಸ್‌ಕ್ರೀಮ್ ಅಂಗಡಿ. ಗಾಜಿನ ಹಿಂದೆ ಇಪ್ಪತ್ತು ಬಗೆಯ ಜೆಲಾಟೊ ಗುಡ್ಡೆ ಗುಡ್ಡೆಯಾಗಿ ಕೂತಿರುತ್ತಿತ್ತು. ಮುಂದಿನ ಕೌಂಟರಿನ ಉಸ್ತುವಾರಿ ನನ್ನದು, ಹಿಂದಿನ ಅಡುಗೆಮನೆ ಪೂರ್ತಿ ಅವರದ್ದು. ನಾನು ಉಡುಪಿ ಕಡೆಯವಳು, ಗಂಡನೊಂದಿಗೆ ಅಲ್ ಥುಮಾಮಾದಲ್ಲಿದ್ದೆ. ಅವರು ಬಂಟ್ವಾಳದ ಹತ್ತಿರದ ಬ್ಯಾರಿ ಮುಸ್ಲಿಂ ಮನೆತನದವರು. ಹರೆಯದಲ್ಲಿ ಮಂಗಳೂರಿನ ಒಂದು ಐಸ್‌ಕ್ರೀಮ್ ಪಾರ್ಲರಿನಲ್ಲಿ ಕೆಲಸ ಕಲಿತು, ಇಪ್ಪತ್ತೆರಡು ವರ್ಷಗಳಿಂದ ಗಲ್ಫಿನಲ್ಲಿದ್ದರು. ನಜ್ಮಾ ಬಡಾವಣೆಯ ಹಳೆಯ ಮನೆಯೊಂದರಲ್ಲಿ ಊರಿನ ಐದು ಜನರೊಂದಿಗೆ ರೂಮು. ನಾವಿಬ್ಬರೂ ಮಾತಾಡುತ್ತಿದ್ದದ್ದು ತುಳುವಿನಲ್ಲಿ, ಬೇರೆ ಊರಿನವರು ಯಾರಾದರೂ ಜೊತೆಗಿದ್ದರೆ ಕನ್ನಡದಲ್ಲಿ. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವರು, ಆದರೂ ಕೊನೆಯವರೆಗೂ ನನ್ನನ್ನು ಮೇಡಂ ಎಂದೇ ಕರೆದರು.

ಅವರ ಮೂಗು ಎಂಥದ್ದೆಂದು ನನಗೆ ಗೊತ್ತಾದದ್ದು ಮೊದಲ ರಂಜಾನಿನಲ್ಲಿ. ಇಡೀ ತಿಂಗಳು ಉಪವಾಸ, ಒಂದು ಹನಿಯನ್ನೂ ನಾಲಗೆಗೆ ತಾಗಿಸುವಂತಿಲ್ಲ. ಸಂಜೆಯ ಗಿರಾಕಿಗಳಿಗಾಗಿ ಹಗಲೆಲ್ಲ ಪಿಸ್ತಾ, ಖರ್ಜೂರ, ಕೇಸರಿ ಎಂದು ಬಗೆಬಗೆಯಾಗಿ ಕಾಸಿ ತಿರುವುತ್ತಿದ್ದರು. ಯಾವುದೂ ಒಂದು ದಿನವೂ ಹದ ತಪ್ಪಲಿಲ್ಲ. ಹೇಗೆ ಎಂದು ಕೇಳಿದೆ. "ನಾಲಗೆಗೆ ಎಂತ ಗೊತ್ತುಂಟು? ಸಿಹಿ, ಹುಳಿ, ಉಪ್ಪು, ಕಹಿ, ಅಷ್ಟೆ. ಅದು ಮಾವಿನಹಣ್ಣಾ ಹಲಸಾ ಅಂತ ಹೇಳುವುದು ಮೂಗು. ನನ್ನ ಮೂಗಿಗೆ ಉಪವಾಸ ಇಲ್ಲ" ಎಂದು ನಕ್ಕರು.

ದೋಹಾದಲ್ಲಿ ಏಷ್ಯನ್ ಗೇಮ್ಸ್ ಮುಗಿದ ಮರುವರ್ಷ, ಮಾರ್ಚಿನಲ್ಲಿ, ಅಡುಗೆಮನೆಯ ಒದ್ದೆ ನೆಲದಲ್ಲಿ ಅವರು ಕಾಲು ಜಾರಿ ಬಿದ್ದರು. ಹಿಂದಲೆ ಉಕ್ಕಿನ ಮೇಜಿನ ಅಂಚಿಗೆ ಬಡಿಯಿತು. ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡು, ತಲೆಯ ಫೋಟೋ ತೆಗೆದು, ಏನೂ ಆಗಿಲ್ಲವೆಂದು ಕಳಿಸಿದರು. ಹತ್ತು ದಿನಕ್ಕೆ ಕೆಲಸಕ್ಕೆ ಬಂದರು. ಎಂದಿನಂತೆ ಕ್ಯಾನಿಗೆ ಮೂಗು ಇಳಿಸಿದರು, ತಲೆ ಎತ್ತಿ "ಆಗಬಹುದು" ಎಂದರು. ಮರುದಿನವೂ ಆಗಬಹುದು. ಅದರ ಮರುದಿನವೂ. ಹಾಲಿನವನು ಖುಷಿಯಾದ. ಪೆಟ್ಟು ಬಿದ್ದ ಮೇಲೆ ಮನುಷ್ಯ ಮೆತ್ತಗಾಗಿದ್ದಾನೆ ಎಂದು ನಾನಂದುಕೊಂಡೆ.

ಅಂಗಡಿಯ ಮ್ಯಾನೇಜರ್ ಲೆಬನಾನಿನವರು, ನಾವು ಅರಬಿಯಲ್ಲಿ ಮುದೀರ್ ಎನ್ನುತ್ತಿದ್ದೆವು. ನಮಗೆ ಪಿಸ್ತಾ ಕಳಿಸುತ್ತಿದ್ದ ವ್ಯಾಪಾರಿ ಸಿಸಿಲಿಯ ಪಲೆರ್ಮೊ ಊರಿನವನು. ಮೇ ತಿಂಗಳಲ್ಲಿ ಅವನ ಆಹ್ವಾನದ ಮೇಲೆ ಮುದೀರ್ ಅಲ್ಲಿಗೆ ಹೊರಟಾಗ ಮಾಸ್ಟರನ್ನೂ ಕರೆದುಕೊಂಡರು. ಮಾಸ್ಟರಿಗೆ ಇಂಗ್ಲಿಷ್ ಬಾರದು, ಅರಬಿ ಅಡುಗೆಮನೆಗೆ ಬೇಕಾದಷ್ಟೇ. ಹಾಗಾಗಿ ಮಾತು ದಾಟಿಸಲು ನಾನೂ ಹೋದೆ.

ಎರಡನೆಯ ದಿನ ವ್ಯಾಪಾರಿ ನಮ್ಮನ್ನು ಜೆಲಾಟೊ ರುಚಿ ನೋಡುವ ನಡಿಗೆಗೆ ಸೇರಿಸಿದ. ಹಳೆ ಪೇಟೆಯ ಐದು ಅಂಗಡಿಗಳು, ನಡುವೆ ಊರಿನ ಕಥೆಗಳು. ನಾವು ಮೂವರು, ಜೊತೆಗೆ ಬೇರೆ ದೇಶಗಳ ಆರೇಳು ಪ್ರವಾಸಿಗರು. ದಾರಿ ತೋರಿಸುವವಳು ಕೊರಳಿಗೆ ಕೆಂಪು ವಸ್ತ್ರ ಕಟ್ಟಿದ್ದ ಚುರುಕಿನ ಹುಡುಗಿ. ಈ ಊರನ್ನು ಒಂದು ಕಾಲಕ್ಕೆ ಅರಬರು ಆಳಿದ್ದರು, ನಿಂಬೆ, ಕಿತ್ತಳೆ, ಸಕ್ಕರೆ ಎಲ್ಲ ಅವರ ಜೊತೆ ಬಂದದ್ದು ಎಂದು ಅವಳು ಹೇಳಿದಾಗ ಮುದೀರರ ಮುಖ ಅರಳಿತು. ಇಕ್ಕಟ್ಟಿನ ಓಣಿಗಳು, ಮೇಲೆ ಬಾಲ್ಕನಿಗಳಲ್ಲಿ ಒಣಗಲು ಹಾಕಿದ ಬಟ್ಟೆ, ಕಪ್ಪಿಟ್ಟ ಇಗರ್ಜಿಗಳು. ಮಾಸ್ಟರ್ ಹೊಸ ಶರ್ಟು ಹಾಕಿ, ಕೈ ಹಿಂದೆ ಕಟ್ಟಿ, ಎಲ್ಲರಿಗಿಂತ ಹಿಂದೆ ನಡೆಯುತ್ತಿದ್ದರು.

ಮೊದಲ ಅಂಗಡಿಯಲ್ಲಿ ಎರಡು ಪಿಸ್ತಾ. ಯಾವುದು ಹುರಿದ ಪಿಸ್ತಾದ್ದು ಎಂದು ಹುಡುಗಿ ಕೇಳಿದಳು. ಮಾಸ್ಟರ್ ತಿನ್ನುವ ಮೊದಲೇ ಕಂದು ಛಾಯೆಯದ್ದನ್ನು ತೋರಿಸಿದರು. ಸರಿಯಾಗಿತ್ತು. ಎರಡನೆಯದರಲ್ಲಿ ನಿಂಬೆಯ ಗ್ರಾನೀಟ, ಒಡೆದ ಮಂಜಿನ ಹಾಗೆ. ಅದನ್ನು ಅವರು ಲೋಟದ ತಳದವರೆಗೂ ಕೆರೆದು ತಿಂದು, ಇನ್ನೊಂದು ಸಿಗಬಹುದಾ ಕೇಳಿ ಎಂದರು. ಅಷ್ಟು ಆಸೆಯಿಂದ ಅವರು ಏನನ್ನೂ ಕೇಳಿದ್ದನ್ನು ನಾನು ಕಂಡಿರಲಿಲ್ಲ.

ಮೂರನೆಯ ಅಂಗಡಿ ಒಂದು ಚೌಕದ ಮೂಲೆಯಲ್ಲಿತ್ತು. ಹುಡುಗಿ ಎಲ್ಲರ ಕೈಗೂ ಅಚ್ಚ ಬಿಳಿಯ ಜೆಲಾಟೊ ಇರುವ ಪುಟ್ಟ ಲೋಟ ಕೊಟ್ಟು, ಹೆಸರು ಹೇಳಲಿಲ್ಲ. ಯಾರು ಕಂಡುಹಿಡಿಯುತ್ತೀರಿ ನೋಡೋಣ ಎಂದಳು. ಚಮಚ ಬಾಯಿಗಿಟ್ಟೆ. ಕಣ್ಣಿನ ಹಿಂದೆ ಏನೋ ತೆರೆದುಕೊಂಡಂತಾಯಿತು. ಮಲ್ಲಿಗೆ. ನಮ್ಮ ಶಂಕರಪುರದ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟುವಾಗ ಬರುವ ಅದೇ ಪರಿಮಳ. ನಾನು ನಗುತ್ತಾ ಮಾಸ್ಟರ್ ಕಡೆ ತಿರುಗಿದೆ. ಊರಿನಿಂದ ಬಂದವರು, ಇವರಿಗಿಂತ ಬೇಗ ಇನ್ಯಾರು ಹೇಳಿಯಾರು?

ಅವರು ಕಣ್ಣು ಮುಚ್ಚಿಕೊಂಡಿದ್ದರು. ಚಮಚ ಬಾಯಲ್ಲೇ ಇತ್ತು. ಬಹಳ ಹೊತ್ತು ಹಾಗೆಯೇ ನಿಂತರು.

"ನಿಮ್ಮ ಮಾಸ್ಟರ್ ಏನು ಹೇಳುತ್ತಾರೆ?" ಎಂದು ಮುದೀರ್ ಕೇಳಿದರು. ಎಲ್ಲರೂ ನಮ್ಮ ಕಡೆಗೇ ನೋಡುತ್ತಿದ್ದರು.

"ಹಾಲು" ಎಂದರು ಮಾಸ್ಟರ್ ತುಳುವಿನಲ್ಲಿ. "ಬರೀ ಹಾಲು. ಒಳ್ಳೆ ಹಾಲು."

ಆಗ ಅವರ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ನನ್ನ ಮುಖದಲ್ಲೇ ಅವರಿಗೆ ಉತ್ತರ ತಪ್ಪೆಂದು ಗೊತ್ತಾಗಿತ್ತು. ದಿನವೂ ಆಗಬಹುದು, ಆಗಬಹುದು ಎಂದದ್ದು, ನಿಂಬೆಯ ಹುಳಿಯನ್ನು ಅಷ್ಟು ಆಸೆಯಿಂದ ತಿಂದದ್ದು, ಎಲ್ಲವೂ ನನಗೆ ಆ ಒಂದು ಕ್ಷಣದಲ್ಲಿ ಅರ್ಥವಾಯಿತು. ಯೋಚಿಸಲು ಸಮಯವಿರಲಿಲ್ಲ.

"ಮಲ್ಲಿಗೆ ಅನ್ನುತ್ತಿದ್ದಾರೆ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. "ಅವರ ಊರಿನಲ್ಲಿ ಹೆಂಗಸರು ಮುಡಿಯುವ ಹೂವು."

ಹುಡುಗಿ ಚಪ್ಪಾಳೆ ತಟ್ಟಿದಳು. ಪ್ರವಾಸಿಗರೂ ತಟ್ಟಿದರು. ಮುದೀರ್ ಬಂದು ಮಾಸ್ಟರ್ ಬೆನ್ನು ತಟ್ಟಿ, ದೋಹಾಕ್ಕೆ ಹೋದ ಮೇಲೆ ಇದನ್ನು ನೀನೇ ಮಾಡಬೇಕು, ಈದ್‌ಗೆ ಬೋರ್ಡಿನ ಮೇಲೆ ಹಾಕುತ್ತೇನೆ ಎಂದರು. ಮಾಸ್ಟರ್ ತಲೆಯಾಡಿಸಿದರು. ಯಾವುದಕ್ಕೆ ತಲೆಯಾಡಿಸುತ್ತಿದ್ದೇನೆಂದು ಅವರಿಗೆ ಗೊತ್ತಿರಲಿಲ್ಲ. ಆಮೇಲೆ ನಾನೇ ಹೇಳಿದೆ.

ನಾಲ್ಕನೆಯ ಅಂಗಡಿಗೆ ಹೋಗುವ ದಾರಿಯಲ್ಲಿ ಇಗರ್ಜಿಯೊಂದರ ಮೆಟ್ಟಿಲ ಮೇಲೆ ಅವರು ಕೂತುಬಿಟ್ಟರು. ಬಿಸಿಲಿಗೆ ತಲೆ ಸುತ್ತುತ್ತಿದೆಯಂತೆ ಎಂದು ಉಳಿದವರನ್ನು ಮುಂದೆ ಕಳಿಸಿದೆ.

"ಎಷ್ಟು ದಿನದಿಂದ?" ಎಂದೆ.

"ಬಿದ್ದ ದಿನದಿಂದ. ಆಸ್ಪತ್ರೆಯಲ್ಲಿ ಡೆಟ್ಟಾಲ್ ವಾಸನೆ ಇಲ್ಲ ಅಂತ ಆಶ್ಚರ್ಯ ಆಯಿತು. ಮತ್ತೆ ನೋಡಿದರೆ ಯಾವುದೂ ಇಲ್ಲ." ಅವರು ಕೈಯನ್ನು ಮಂಡಿಯ ಮೇಲೆ ಒರೆಸಿಕೊಂಡರು. "ಬೇರೆ ಡಾಕ್ಟ್ರಿಗೆ ತೋರಿಸಿದೆ. ಆರು ತಿಂಗಳು ನೋಡುವ ಅಂದ. ಬಂದರೆ ಬರಬಹುದು, ಇಲ್ಲದಿದ್ದರೆ ಇಲ್ಲ."

"ಮನೆಯಲ್ಲಿ ಹೇಳಿದ್ದೀರಾ?"

"ಎಂತ ಹೇಳುವುದು ಮೇಡಂ? ಕಾಲು ಮುರಿದರೆ ಜನ ನೋಡ್ತಾರೆ, ಪಾಪ ಅಂತಾರೆ. ಇದು ಯಾರಿಗೂ ಕಾಣುವುದಿಲ್ಲ. ರೂಮಲ್ಲಿ ಬಂಗುಡೆ ಹುರಿಯುವಾಗ ಎಲ್ಲ ಎದ್ದು ಬರ್ತಾರೆ. ನಾನು ಗೋಡೆ ನೋಡಿ ಕೂತಿರ್ತೇನೆ. ಅನ್ನ ತಿಂದರೆ ನೆನೆದ ಕಾಗದ ತಿಂದ ಹಾಗೆ. ನನ್ನ ಹತ್ತಿರ ಬೇರೆ ಎಂತ ಉಂಟು? ಓದಿಲ್ಲ, ಬರೆದಿಲ್ಲ. ಇದೊಂದು ಇತ್ತು. ಮುದೀರಿಗೆ ಗೊತ್ತಾದರೆ ಖಲಾಸ್. ನೀವು ಯಾರಿಗೂ ಹೇಳಬಾರದು."

ಹೇಳುವುದಿಲ್ಲ ಎಂದೆ. ಯಾರಿಗೂ? ಎಂದು ಮತ್ತೆ ಕೇಳಿದರು. ಯಾರಿಗೂ ಎಂದೆ. ಗಂಡನಿಗೂ ಹೇಳಲಿಲ್ಲ.

ಅವರನ್ನು ಉಳಿಸಿದೆನೆಂಬ ಹೆಮ್ಮೆ ಆ ದಿನ ನನಗಿತ್ತು. ದೋಹಾಕ್ಕೆ ಬಂದ ಮೇಲೆ ಗೊತ್ತಾಯಿತು, ನನ್ನ ಸುಳ್ಳು ಅವರ ಹೆಗಲ ಮೇಲೆ ಹೊಸ ಭಾರ ಹೇರಿತ್ತು. ಮುದೀರ್ ಮಲ್ಲಿಗೆಯನ್ನು ಮರೆಯಲಿಲ್ಲ. ರಂಜಾನ್ ಬಂತು. ಅವರದು ಉಪವಾಸ, ಮೂಗೂ ಇಲ್ಲ, ನಾಲಗೆಯೂ ಇಲ್ಲ. ಮಧ್ಯಾಹ್ನ ಅಡುಗೆಮನೆಯ ಸಹಾಯಕ ಹುಡುಗರು ನಮಾಜಿಗೆ ಹೋದಾಗ ನಾನು ಕೋಲ್ಡ್ ರೂಮಿಗೆ ಹೋಗಿ ಬಾಗಿಲು ಮುಚ್ಚಿ ಒಂದೊಂದನ್ನೂ ರುಚಿ ನೋಡುತ್ತಿದ್ದೆ. ಹೊರಬಂದು ಹೇಳುತ್ತಿದ್ದೆ: ಏಲಕ್ಕಿ ಜಾಸ್ತಿ, ಕೇಸರಿ ಸಾಲದು, ಮಲ್ಲಿಗೆ ಸೋಪಿನ ಹಾಗೆ ಬರುತ್ತಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದರು. ನನಗೆ ಗೊತ್ತಿದ್ದ ಎಲ್ಲವನ್ನೂ ಕಲಿಸಿದವರು ಅವರೇ. ಅಡುಗೆಮನೆಯಲ್ಲಿ ಆ ತಗ್ಗಿಸಿದ ತಲೆಯನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಈದ್‌ಗೆ ಮಲ್ಲಿಗೆ ಜೆಲಾಟೊ ಬೋರ್ಡಿಗೆ ಬಂತು, ಜನ ಮೆಚ್ಚಿದರು. ಅವರು ಅಡುಗೆಮನೆಯ ಬಾಗಿಲ ಗಾಜಿನಿಂದ ಗಿರಾಕಿಗಳ ಮುಖ ನೋಡುತ್ತಾ ನಿಂತಿರುತ್ತಿದ್ದರು. "ನಿಜವಾಗಿ ಮಲ್ಲಿಗೆಯ ಹಾಗೇ ಉಂಟಾ?" ಎಂದು ಒಮ್ಮೆ ಕೇಳಿದರು. ಉಂಟು ಎಂದೆ. "ಹಾಗಾದರೆ ನಾನು ಮಾಡಿದ್ದಲ್ಲ ಅದು, ನೀವು ಮಾಡಿದ್ದು" ಎಂದು ಹೇಳಿ ಒಳಗೆ ಹೋದರು. ಆರು ತಿಂಗಳು ಕಳೆದಿತ್ತು. ಡಾಕ್ಟರ ಹತ್ತಿರ ಮತ್ತೆ ಹೋಗೋಣವೇ ಎಂದರೆ ಬೇಡವೆಂದರು. ಬಂದೀತು ಎಂಬ ಮಾತನ್ನು ಆಮೇಲೆ ಅವರೂ ಆಡಲಿಲ್ಲ, ನಾನೂ ಆಡಲಿಲ್ಲ. ಶರ್ಟಿನ ಕಾಲರು ಕತ್ತಿಗೆ ದೊಡ್ಡದಾಗುವಷ್ಟು ಸೊರಗಿದರು.

ಜನವರಿಯ ಒಂದು ಶುಕ್ರವಾರ, ಬೆಳಗಿನ ನಮಾಜು ಮುಗಿಸಿ ಅವರು ಚಹಾ ಮಾಡಲು ನಜ್ಮಾದ ಮನೆಯ ಅಡುಗೆಕೋಣೆಗೆ ಹೋದರು. ಉಳಿದ ಐವರೂ ರಜೆಯೆಂದು ಬಾಗಿಲು ಮುಚ್ಚಿ ಮಲಗಿದ್ದರು. ಚಳಿಗೆ ಅಡುಗೆಕೋಣೆಯ ಕಿಟಕಿಯೂ ಮುಚ್ಚಿತ್ತು. ಒಲೆಯ ರಬ್ಬರ್ ಕೊಳವೆ ಬಿರಿದು ರಾತ್ರಿಯಿಡೀ ಗ್ಯಾಸ್ ಸೋರಿತ್ತು. ಒಳಗೆ ಕಾಲಿಟ್ಟ ಯಾರಿಗಾದರೂ ಬಾಗಿಲಲ್ಲೇ ತಿಳಿಯುತ್ತಿತ್ತು. ಅವರು ನೀರಿಟ್ಟು ಲೈಟರ್ ಒತ್ತಿದರು.

ಈ ಸುದ್ದಿಯನ್ನು ಅವರ ರೂಮಿನವನೊಬ್ಬ ಫೋನಿನಲ್ಲಿ ಹೇಳಿದಾಗ ನಾನು ದೋಸೆ ಹುಯ್ಯುತ್ತಿದ್ದೆ. ಗ್ಯಾಸ್ ಎಂಬ ಮಾತು ಕಿವಿಗೆ ಬಿದ್ದದ್ದೇ ಒಲೆ ಆರಿಸಿದೆ. ಎಂಟು ತಿಂಗಳು ಆ ಗುಟ್ಟು ನನ್ನಲ್ಲಿತ್ತು. ಹಾಲು, ಏಲಕ್ಕಿ, ಮಲ್ಲಿಗೆ, ಅವರ ಮರ್ಯಾದೆ, ಎಲ್ಲದರ ಬಗ್ಗೆ ಯೋಚಿಸಿದ್ದೆ. ಇದೊಂದು ನನ್ನ ತಲೆಗೆ ಬಂದಿರಲಿಲ್ಲ. ರೂಮಿನ ಆ ಐದು ಜನರಲ್ಲಿ ಒಬ್ಬನಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ನೀನು ಒಲೆ ಹಚ್ಚಬೇಡ ಎಂದು ಅವನು ಹೇಳುತ್ತಿದ್ದ.

ಸುಟ್ಟ ಗಾಯಗಳೊಂದಿಗೆ ಅವರು ಆಸ್ಪತ್ರೆಯಲ್ಲಿ ಒಂಬತ್ತು ದಿನ ಬದುಕಿದ್ದರು. ನಾಲ್ಕನೆಯ ದಿನ ಸಂಜೆ ನನ್ನನ್ನು ಒಳಗೆ ಬಿಟ್ಟರು. ಮುಖದ ತುಂಬ ಬಿಳಿ ಬಟ್ಟೆ, ಕಣ್ಣು ಮತ್ತು ಬಾಯಿ ಮಾತ್ರ ಕಾಣುತ್ತಿತ್ತು. ನನ್ನ ದನಿ ಗುರುತು ಹಿಡಿದು ಬೆರಳು ಅಲ್ಲಾಡಿಸಿದರು. ಬಗ್ಗಿದೆ.

"ಮೇಡಂ, ನೀವು ಯಾರಿಗೂ ಹೇಳಲಿಲ್ಲ ಅಲ್ವಾ?"

"ಇಲ್ಲ" ಎಂದೆ.

"ಒಳ್ಳೇದಾಯಿತು" ಎಂದರು. ಅವರ ದನಿಯಲ್ಲಿ ಸಮಾಧಾನವಿತ್ತು. ಅದನ್ನು ಕೇಳಿ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗಿನ ಕಾರಿಡಾರಿಗೆ ಬಂದುಬಿಟ್ಟೆ. ಕ್ಷಮಿಸಿ ಎಂದು ಹೇಳಲು ಹೋಗಿದ್ದವಳು ಹೇಳದೆ ಬಂದಿದ್ದೆ. ಮತ್ತೆ ಹೋದಾಗ ಅವರಿಗೆ ಪ್ರಜ್ಞೆ ಇರಲಿಲ್ಲ.

ಅಬು ಹಮೂರಿನ ಕಬರಸ್ಥಾನದಲ್ಲಿ ಮಣ್ಣು ಮಾಡಿದರು. ನಾನು ರಸ್ತೆಯಾಚೆ ಕಾರಿನಲ್ಲಿ ಕೂತಿದ್ದೆ. ಒಂದು ವಾರದ ಮೇಲೆ ಅವರ ಹೆಂಡತಿ ಊರಿನಿಂದ ಫೋನ್ ಮಾಡಿದರು. ಇಟಲಿಗೆ ಜೊತೆಗೆ ಬಂದಿದ್ದ ಮೇಡಂ ಎಂದು ನನ್ನ ವಿಷಯ ಮಾಸ್ಟರ್ ಹೇಳಿದ್ದರಂತೆ. ಅತ್ತು ಮುಗಿಸಿದ್ದ ದನಿ. ಬಹಳ ಹೊತ್ತು ಏನೇನೋ ಮಾತಾಡಿ ಕೊನೆಗೆ ಕೇಳಿದರು:

"ಒಂದು ನನಗೆ ಅರ್ಥ ಆಗುವುದಿಲ್ಲ ಅಕ್ಕ. ಇಲ್ಲಿ ಹಾಲು ಚೂರು ತಳ ಹಿಡಿದರೆ ಅವರು ಗೇಟಿನಿಂದಲೇ ಹೇಳುತ್ತಿದ್ದರು. ಅಷ್ಟು ಗ್ಯಾಸ್ ತುಂಬಿದ್ದು ಅವರಿಗೆ ಹೇಗೆ ಗೊತ್ತಾಗಲಿಲ್ಲ?"

"ಅವರಿಗೆ ಆ ವಾರ ಶೀತ ಆಗಿತ್ತು" ಎಂದೆ. "ಮೂಗು ಕಟ್ಟಿತ್ತು."

"ಹೌದಾ" ಎಂದರು. "ಹಾಗಾದರೆ ದೇವರು ಬರೆದದ್ದು."

ಆ ಶೀತದ ಕಥೆಯನ್ನೇ ಅವರು ನೆರೆಯವರಿಗೆ, ನೆಂಟರಿಗೆ ಹೇಳಿಕೊಂಡು ಸಮಾಧಾನಪಟ್ಟರೆಂದು ಆಮೇಲೆ ಊರಿನ ಕಡೆಯವರಿಂದ ತಿಳಿಯಿತು. ಒಮ್ಮೆ ಹೋಗಿ ನಿಜ ಹೇಳಬೇಕೆಂದು ಪ್ರತಿ ರಜೆಯಲ್ಲೂ ಅಂದುಕೊಳ್ಳುತ್ತಿದ್ದೆ. ಒಂದು ಸಲ ಬಿ.ಸಿ. ರೋಡಿನವರೆಗೆ ಬಸ್ಸಿನಲ್ಲಿ ಹೋಗಿ, ಸ್ಟ್ಯಾಂಡಿನಲ್ಲಿ ಒಂದು ಗಂಟೆ ಕೂತು, ವಾಪಸ್ಸು ಬಂದೆ. ಮೂರು ವರ್ಷದ ಹಿಂದೆ ಆಕೆಯೂ ತೀರಿಕೊಂಡರು. ಈಗ ನಾನು ಈ ಮಾತು ಹೇಳಬೇಕಾದವರು ಯಾರೂ ಉಳಿದಿಲ್ಲ.